ತೊಡಿಸುವ ಮೊದಲೇ ತೊಟ್ಟ ಉಂಗುರ

ಜಲಜಾ ಬರೆದದ್ದರಲ್ಲಿ ತಪ್ಪು ಹುಡುಕುವುದು ಸುಲಭದ ಕೆಲಸವಲ್ಲ. ಇದನ್ನು ಅವಳೇ ಹೇಳಿಕೊಂಡು ತಿರುಗುತ್ತಿದ್ದಳೆಂದು ತಿಳಿಯಬಾರದು. ಆದರೆ ಬೇರೆ ಯಾರಾದರೂ ಹೇಳಿದರೆ ಬೇಡವೆನ್ನುತ್ತಲೂ ಇರಲಿಲ್ಲ. ಜಯನಗರದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಒಂಬತ್ತು ವರ್ಷ ಕೂತು ಗಾಜಿನ ಕೊಳವೆಗಳಿಗೆ ಹೆಸರು, ವಯಸ್ಸು, ತಾರೀಖಿನ ಚೀಟಿ ಅಂಟಿಸಿದವಳು ಅವಳು. ಆ ಒಂಬತ್ತು ವರ್ಷಗಳಲ್ಲಿ ಒಬ್ಬರ ಸಕ್ಕರೆ ಇನ್ನೊಬ್ಬರ ಹೆಸರಿಗೆ ಹೋದದ್ದಿಲ್ಲ, ಒಬ್ಬರ ಕೊಬ್ಬು ಇನ್ನೊಬ್ಬರ ತಲೆಗೆ ಕಟ್ಟಿದ್ದಿಲ್ಲ. ಕೆಲಸ ಬಿಡುವ ದಿನ ಡಾಕ್ಟರು ಶಾಲು ಹೊದಿಸಿ, ಈ ಹುಡುಗಿಯ ಕೈಯಲ್ಲಿ ಬ್ರಹ್ಮ ಬರೆದರೂ ತಿದ್ದುವಂತಿಲ್ಲ ಎಂದಿದ್ದರು. ಮಾತಿನ ಅರ್ಥ ಯಾರಿಗೂ ಸರಿಯಾಗಿ ಆಗಲಿಲ್ಲ, ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು.

ಕೆಲಸ ಬಿಟ್ಟದ್ದು ಗಂಡ ಉಮಾಶಂಕರನನ್ನು ಕಂಪನಿ ಟೋಕಿಯೋಗೆ ಕಳಿಸಿದ್ದಕ್ಕೆ. ಜಪಾನಿನ ದೊಡ್ಡ ಭೂಕಂಪ, ಸುನಾಮಿ ಆಗಿ ಎರಡು ವರ್ಷವಾಗಿತ್ತು. ಎಡೋಗಾವಾ ಎಂಬ ಬಡಾವಣೆಯ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಮನೆ ಸಿಕ್ಕಿತು. ಮಗಳು ತಾರಾ ಆಗ ಆರೂವರೆ ವರ್ಷದವಳು. ಮನೆಗೆ ಹತ್ತಿರವೆಂದು ಜಪಾನಿ ಶಾಲೆಗೇ ಸೇರಿಸಿದರು. ಮೂರು ತಿಂಗಳಲ್ಲಿ ಅವಳು ಅಪ್ಪ ಅಮ್ಮನಿಗೆ ದುಭಾಷಿಯಾದಳು, ಆರು ತಿಂಗಳಲ್ಲಿ ಯಜಮಾನಿಯಾದಳು. ಜಲಜಾಳಿಗೂ ಅಲ್ಲಿ ಹೊತ್ತು ಹೋಗದೆ ಏನಿರಲಿಲ್ಲ. ಅದೇ ಕಟ್ಟಡದಲ್ಲಿ ನಾಲ್ಕು ಕನ್ನಡದ ಮನೆಗಳಿದ್ದವು. ಕರಿಬೇವು ಎಲ್ಲಿ ಸಿಗುತ್ತದೆ ಎಂಬ ವಿಷಯವೊಂದರ ಮೇಲೆಯೇ ಆ ಮನೆಗಳಲ್ಲಿ ಒಂದು ಮಧ್ಯಾಹ್ನ ಪೂರ್ತಿ ಮಾತಾಡಬಹುದಿತ್ತು. ಅವಳಿಗೆ ಮಾತಿಗಿಂತ ಸೈಕಲ್ಲು ಹಿಡಿಸಿತು. ಮಗಳನ್ನು ಶಾಲೆಗೆ ಬಿಟ್ಟವಳೇ ಮುಂದೆ ಬುಟ್ಟಿಯಿರುವ ಸೈಕಲ್ ಹತ್ತಿ ನದಿಯ ಏರಿಯ ಮೇಲೆ ಹೊರಟುಬಿಡುತ್ತಿದ್ದಳು.

ಹಾಗೆ ಹೊರಟ ಒಂದು ಬೆಳಿಗ್ಗೆ, ಮೊದಲ ವರ್ಷದ ನವೆಂಬರಿನಲ್ಲಿ, ಏರಿಯ ಕೆಳಗೆ ಜೊಂಡಿನ ಪಕ್ಕ ಮಡಿಚುವ ಮೇಜೊಂದು ಕಂಡಿತು. ಮೇಜಿನ ಹಿಂದೆ ಎಪ್ಪತ್ತರ ಹೆಂಗಸೊಬ್ಬರು ಎಡಗೈಯಲ್ಲಿ ಒಂದು ಪುಟ್ಟ ಹಕ್ಕಿಯನ್ನು ಹಿಡಿದು, ಅದರ ಹೊಟ್ಟೆಯ ಮೇಲೆ ಬಾಯಿಂದ ಉಫ್ ಎಂದು ಊದುತ್ತಿದ್ದರು. ಜಲಜಾ ಬ್ರೇಕ್ ಹಿಡಿದಳು. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಚಿಕ್ಕಂದಿನಲ್ಲಿ ಹೆದರಿ ಜ್ವರ ಬಂದಾಗ ಅಜ್ಜಿ ಅವಳನ್ನು ಮೈಸೂರಿನ ದರ್ಗಾದ ಬಾಗಿಲಿಗೆ ಒಯ್ದು ಮಂತ್ರ ಹಾಕಿಸಿ ಊದಿಸುತ್ತಿದ್ದರು. ಜಪಾನಿನಲ್ಲಿ ಹಕ್ಕಿಗಳಿಗೂ ಈ ಸೌಲಭ್ಯವಿದೆಯೆಂದು ಅವಳಿಗೆ ಸಂತೋಷವಾಯಿತು. ಸೈಕಲ್ ನಿಲ್ಲಿಸಿ, ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಶುರುಮಾಡಿ, ಬಂದ ಜಪಾನಿಯಲ್ಲಿ ಹಕ್ಕಿಗೆ ಜ್ವರವೇ ಎಂದು ಕೇಳಿದಳು.

ಆ ಹೆಂಗಸು ನಕ್ಕ ರಭಸಕ್ಕೆ ಹಕ್ಕಿ ಕೈಯಿಂದ ಹಾರಿಹೋಗಬೇಕಿತ್ತು. ಹೋಗಲಿಲ್ಲ, ಹಿಡಿತ ಅಂಥದು. ಅವರೇ ಹತಾನೊ ಸಾನ್; ಸಾನ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಅವರು ಎಂದ ಹಾಗೆ. ಊದಿದರೆ ಹೊಟ್ಟೆಯ ಗರಿ ಸರಿದು ಒಳಗಿನ ಕೊಬ್ಬು ಕಾಣುತ್ತದೆ, ಪ್ರಯಾಣಕ್ಕೆ ಎಷ್ಟು ಬುತ್ತಿ ಕಟ್ಟಿಕೊಂಡಿದೆ ಎಂದು ತಿಳಿಯುತ್ತದೆ ಎಂದು ಅವರು ಕೈಸನ್ನೆಯಲ್ಲಿ ವಿವರಿಸಿದರು. ಹಕ್ಕಿಯ ಕಾಲಿಗೆ ಅಂಕಿ ಕೊರೆದ ಅಲ್ಯೂಮಿನಿಯಮ್ಮಿನ ಉಂಗುರವೊಂದನ್ನು ಇಕ್ಕಳದಿಂದ ಮೆಲ್ಲಗೆ ತೊಡಿಸಿ, ರೆಕ್ಕೆ ಅಳೆದು, ತೂಗಿ, ಜಲಜಾಳ ಅಂಗೈ ಬಿಡಿಸಿ ಅದರಲ್ಲಿಟ್ಟರು. ಇಪ್ಪತ್ತು ಗ್ರಾಮಿನ ಜೀವ ಒಂದು ಕ್ಷಣ ಅವಳ ಅಂಗೈಯಲ್ಲಿ ಕೂತು, ಅವಳನ್ನೊಮ್ಮೆ ನೋಡಿ, ಹಾರಿತು. ಒಂಬತ್ತು ವರ್ಷ ಚೀಟಿ ಅಂಟಿಸಿದವಳಿಗೆ ತನ್ನ ಕೆಲಸಕ್ಕೆ ರೆಕ್ಕೆಯೂ ಬರಬಹುದೆಂದು ಆವತ್ತು ಗೊತ್ತಾಯಿತು. ಮರುದಿನ ಅದೇ ಹೊತ್ತಿಗೆ ಅವಳು ಮತ್ತೆ ಅಲ್ಲಿದ್ದಳು.

ಹತಾನೊ ಸಾನ್ ಉತ್ತರದ ಮಿಯಾಗಿ ಪ್ರಾಂತ್ಯದ ಕಡಲತೀರದ ಊರಿನವರು, ಶಾಲೆಯ ಟೀಚರಾಗಿದ್ದವರು. ಅಲ್ಲಿನ ಹೊಳೆಬಾಯಿಯ ಜೊಂಡಿನಲ್ಲಿ ಮೂವತ್ತೊಂದು ವರ್ಷ ಹಕ್ಕಿಗಳಿಗೆ ಉಂಗುರ ತೊಡಿಸಿದ್ದರು. ಸುನಾಮಿಯ ದಿನ ಅವರು ಗುಡ್ಡದ ಮೇಲಿನ ತಮ್ಮ ಹಳೆಯ ಶಾಲೆಗೆ ಹೋಗಿದ್ದುದರಿಂದ ಉಳಿದರು. ಜೊಂಡು ಹೋಯಿತು, ಮನೆ ಹೋಯಿತು, ಮನೆಯಲ್ಲಿದ್ದ ಮೂವತ್ತೊಂದು ದಾಖಲೆ ಪುಸ್ತಕಗಳೂ ಹೋದವು. ಟೋಕಿಯೋದ ಮಗಳ ಮನೆಗೆ ಬಂದು ಸುಮ್ಮನೆ ಕೂತಿದ್ದವರಿಗೆ ಒಂದು ದಿನ ಅಂಚೆಯಲ್ಲಿ ಭಾರದ ಪೆಟ್ಟಿಗೆ ಬಂತು. ದೇಶದ ಹಕ್ಕಿಯುಂಗುರಗಳ ಲೆಕ್ಕವನ್ನೆಲ್ಲ ಇಡುವ ಕೇಂದ್ರದವರು, ಅವರು ವರ್ಷ ವರ್ಷ ಕಳಿಸಿದ್ದ ಪ್ರತಿಯೊಂದು ಹಕ್ಕಿಯ ದಾಖಲೆಯನ್ನೂ ಮುದ್ರಿಸಿ ಕಳಿಸಿಕೊಟ್ಟಿದ್ದರು. ಅದನ್ನು ಓದಿ ಮುಗಿಸಲು ಅವರಿಗೆ ಒಂದು ವಾರ ಬೇಕಾಯಿತಂತೆ, ಮುಗಿದ ಮರುದಿನವೇ ಹೊಸ ಬಲೆ ತರಿಸಿದರಂತೆ. ಅಂದಿನಿಂದ ಅವರದು ಒಂದೇ ಮಾತು: ನೆನಪು ಸುಳ್ಳು ಹೇಳುತ್ತದೆ, ಮನೆ ಕೊಚ್ಚಿಹೋಗುತ್ತದೆ, ಕಾಗದದಲ್ಲಿ ಬರೆದು ಕಳಿಸಿದ್ದು ಮಾತ್ರ ಉಳಿಯುತ್ತದೆ.

ಇಂಥ ಗುರುವಿಗೆ ಜಲಜಾಳಂಥ ಶಿಷ್ಯೆ. ಒಂದು ವರ್ಷದಲ್ಲಿ ಅವಳು ಬಲೆ ಕಟ್ಟುವುದನ್ನು ಕಲಿತಳು, ಸಿಕ್ಕಿಕೊಂಡ ಹಕ್ಕಿಯನ್ನು ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ ಎಂದು ಎಳೆಎಳೆಯಾಗಿ ಬಿಡಿಸುವುದನ್ನು ಕಲಿತಳು. ಜೊಂಡಿನಲ್ಲಿ ಪಟಪಟ ಸಿಪ್ಪೆ ಸುಲಿದು ಹುಳ ಹೆಕ್ಕುವ ಕಂದು ಬಣ್ಣದ ಓಜುರಿನ್ ಹಕ್ಕಿಯ ಸದ್ದನ್ನು ಸೈಕಲ್ಲಿನ ಮೇಲಿಂದಲೇ ಗುರುತಿಸತೊಡಗಿದಳು. ಆ ಹಕ್ಕಿ ಬೇಸಿಗೆಯನ್ನು ಉತ್ತರದ ಹೊಕ್ಕಾಯ್ಡೋದಲ್ಲಿ ಕಳೆದು ಚಳಿಗಾಲಕ್ಕೆ ಟೋಕಿಯೋ ಕಡೆ ಇಳಿಯುವಂಥದು. ಗಂಡನಿಗೂ ಮಗಳಿಗೂ ಇದೆಲ್ಲ ಒಪ್ಪಿಗೆಯೇ. ಉಮಾಶಂಕರ ಮಾತ್ರ, ಊರಲ್ಲಿ ಕಾಗೆ ಓಡಿಸ್ತಿದ್ದೋಳು ಇಲ್ಲಿ ಗುಬ್ಬಿಗೆ ಕಾಲುಂಗುರ ಹಾಕ್ತಾಳೆ ಎಂದು ಬಂದವರೆಲ್ಲರ ಮುಂದೆ ಹೇಳಿ ನಗಿಸುತ್ತಿದ್ದ.

ಈ ಕೆಲಸಕ್ಕೆ ಸರ್ಕಾರದ ಪರವಾನಗಿ ಬೇಕು. ಅದಿಲ್ಲದೆ ಒಬ್ಬರೇ ಬಲೆ ಮುಟ್ಟುವಂತಿಲ್ಲ. ಪರವಾನಗಿಗೆ ಮೊದಲು ತರಬೇತಿ, ತರಬೇತಿಗೆ ಮೊದಲು ಗುರುವಿನ ಶಿಫಾರಸು ಪತ್ರ. ಹತಾನೊ ಸಾನ್ ಹಾಗೆ ಯಾರಿಗೂ ಬರೆದುಕೊಡುವವರಲ್ಲ. ಎರಡನೇ ವರ್ಷದ ಚಳಿಗಾಲದಲ್ಲಿ, ಫೆಬ್ರುವರಿ ಕೊನೆಗೆ ಕಳಿಸುತ್ತೇನೆಂದು ಹೇಳಿ ಅವರು ಜಲಜಾಳ ಹೆಸರಿನ ಪತ್ರ ಬರೆದು ಮೇಜಿನ ಖಾನೆಯಲ್ಲಿಟ್ಟರು. ಜಲಜಾ ಅದನ್ನು ಮೈಸೂರಿಗೆ, ಬೆಂಗಳೂರಿಗೆ, ಕ್ಯೋಟೋದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸೋದರತ್ತೆಯ ಮಗಳು ಅಹಲ್ಯಾಳಿಗೆ, ಹೀಗೆ ಕಂಡಲ್ಲೆಲ್ಲ ಫೋನು ಮಾಡಿ ಹೇಳಿದಳು.

ಆದರೆ ಅದಕ್ಕೂ ಮೊದಲು, ಆ ಚಳಿಗಾಲದ ಒಂದು ನವೆಂಬರ್ ಬೆಳಿಗ್ಗೆ, ನಡೆದದ್ದೊಂದಿದೆ. ದಾಖಲೆ ಬರೆಯುವ ಕೆಲಸ ಯಾವಾಗಲೂ ಒಗುಚಿ ಸಾನ್ ಅವರದು, ರೈಲ್ವೆಯಿಂದ ನಿವೃತ್ತರಾದ ಶಿಸ್ತಿನ ಮನುಷ್ಯ. ಆವತ್ತು ಅವರಿಗೆ ನೆಗಡಿ. ಪೆನ್ಸಿಲ್ಲು ಮೊದಲ ಬಾರಿಗೆ ಜಲಜಾಳ ಕೈಗೆ ಬಂತು. ಹತಾನೊ ಸಾನ್ ಹಕ್ಕಿ ಹಿಡಿದು ಉಂಗುರದ ಅಂಕಿ ಕೂಗುವುದು, ಬರೆಯುವವರು ಅದನ್ನು ತಿರುಗಿ ಕೂಗಿ ಹೇಳಿಯೇ ಬರೆಯುವುದು, ಹಾಗೆ ಅಲ್ಲಿನ ಪದ್ಧತಿ. ರೆಕ್ಕೆಯ ಉದ್ದ ಕೂಗಬೇಕು, ತಿರುಗಿ ಹೇಳಬೇಕು. ತೂಕ ಕೂಗಬೇಕು, ತಿರುಗಿ ಹೇಳಬೇಕು. ದಾರಿಯಲ್ಲಿ ಹೋಗುವವರಿಗೆ ಮಗ್ಗಿ ಹೇಳಿಸುವ ಶಾಲೆಯಂತೆ ಕೇಳಬೇಕು. ಹೊಸ ಉಂಗುರಗಳ ಹಾಳೆಗೆ ಹತಾನೊ ಸಾನ್ ಮನೆಯಲ್ಲೇ ತಾರೀಖು ತುಂಬಿಸಿ ತಂದಿದ್ದರು. ಮೊದಲೇ ಉಂಗುರ ಇರುವ ಹಕ್ಕಿ ಸಿಕ್ಕರೆ ಬರೆಯುವ ಹಾಳೆ ಬೇರೆ, ಅದನ್ನು ಮಾತ್ರ ಮರೆತು ಬಂದಿದ್ದರು. ಸೈಕಲ್ಲಿನ ಬುಟ್ಟಿಯಲ್ಲಿ ತಾರಾಳ ಚೌಕುಳಿ ಗೆರೆಯ ನೋಟ್‌ಬುಕ್ ಇತ್ತು. ಜಲಜಾ ಅದರ ಒಂದು ಹಾಳೆ ಕಿತ್ತು, ಗೆರೆ ಎಳೆದು, ಮೇಲೆ ಚೊಕ್ಕವಾಗಿ 10/11 ಎಂದು ತಾರೀಖು ಹಾಕಿದಳು. ನಾಲ್ಕು ಹಕ್ಕಿ ಬರೆದಳು. ಅದರಲ್ಲೊಂದು ಬೇರೆ ಯಾರೋ ಬೇರೆಲ್ಲೋ ತೊಡಿಸಿದ ಉಂಗುರದ ಓಜುರಿನ್. ಆ ಖುಷಿಗೆ ಮೂವರೂ ಅವಳು ತಂದಿದ್ದ ಉಪ್ಪಿಟ್ಟನ್ನು ಡಬ್ಬಿಯಲ್ಲಿ ಕಾಳೊಂದೂ ಉಳಿಯದಂತೆ ತಿಂದರು. ಮೂರನೆಯವರು ಯಾರೆಂದರೆ ನೆಗಡಿಯ ಒಗುಚಿ ಸಾನ್. ಮನೆಯಲ್ಲಿ ಇರಲಾರದೆ ಹನ್ನೊಂದಕ್ಕೆ ಮುಖಗವಸು ಹಾಕಿಕೊಂಡು ಬಂದಿದ್ದರು.

ಜನವರಿ ಕೊನೆಯಲ್ಲಿ ಕೇಂದ್ರದಿಂದ ಒಂದು ವಿನಯದ ಪತ್ರ ಬಂತು. ನೀವು ದಾಖಲಿಸಿದ ಒಂದು ಓಜುರಿನ್ ವಿಷಯದಲ್ಲಿ ಸಣ್ಣ ಸಂದೇಹವಿದೆ. ಅದಕ್ಕೆ ಹೊಕ್ಕಾಯ್ಡೋದಲ್ಲಿ ಉಂಗುರ ತೊಡಿಸಿದ್ದು ಅಕ್ಟೋಬರ್ ಇಪ್ಪತ್ತಕ್ಕೆ. ಆದರೆ ನಿಮ್ಮ ದಾಖಲೆಯ ಪ್ರಕಾರ ಅದೇ ಉಂಗುರದೊಂದಿಗೆ ಅದು ಅಕ್ಟೋಬರ್ ಹನ್ನೊಂದಕ್ಕೇ ಟೋಕಿಯೋದಲ್ಲಿ ಸಿಕ್ಕಿದೆ. ಅಂದರೆ ತೊಡಿಸುವ ಒಂಬತ್ತು ದಿನ ಮೊದಲೇ ಅದು ಉಂಗುರ ತೊಟ್ಟಿತ್ತು. ಎರಡೂ ಕಡೆಯವರು ದಯವಿಟ್ಟು ಮತ್ತೊಮ್ಮೆ ನೋಡಬೇಕು.

ಹತಾನೊ ಸಾನ್ ತಮ್ಮ ಹಾಳೆ ತೆಗೆದು ನೋಡಿದರು. ಹತ್ತನೇ ತಿಂಗಳು, ಹನ್ನೊಂದನೇ ದಿನ, ಸ್ಪಷ್ಟವಾಗಿದೆ. ಅಕ್ಟೋಬರ್ ಹನ್ನೊಂದರ ಆ ಶನಿವಾರ ಅವರು ಬಲೆ ಹಾಕಿದ್ದೂ ನಿಜ. ಆ ಹಕ್ಕಿ ಸಿಕ್ಕದ್ದು ಚಳಿ ಜೋರಿದ್ದ ದಿನವೆಂದು ಅವರಿಗೇನೋ ಮಸುಕು ನೆನಪು. ಆದರೆ ನೆನಪನ್ನು ಅವರು ನಂಬುವವರಲ್ಲವಲ್ಲ. ಕಾಗದ ಹೇಳಿದ್ದನ್ನೇ ಬರೆದು ಕಳಿಸಿದರು. ಹೊಕ್ಕಾಯ್ಡೋದಿಂದ ಉತ್ತರ ಅದಕ್ಕೂ ಬೇಗ ಬಂತು. ಅಲ್ಲಿ ಉಂಗುರ ತೊಡಿಸಿದ್ದವರು ಕುದೋ ಸಾನ್, ಎಂಬತ್ತೊಂದು ವರ್ಷದವರು. ಹತಾನೊ ಸಾನ್ ಅವರಿಗೆ ನಲವತ್ತು ವರ್ಷದ ಹಿಂದೆ ಮೊದಲ ಹಕ್ಕಿ ಹಿಡಿಯಲು ಕಲಿಸಿದವರೇ ಅವರು. ಟೋಕಿಯೋದವರು ತಪ್ಪು ಬರೆಯುವವರಲ್ಲ, ತಪ್ಪು ನನ್ನದೇ ಇರಬೇಕು, ಇತ್ತೀಚೆಗೆ ಕಣ್ಣಿನ ಮೇಲೆ ನನಗೇ ಅನುಮಾನವಿತ್ತು, ಎಲ್ಲರಿಗೂ ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ ಎಂದು ಅವರು ಬರೆದಿದ್ದರು. ಪರವಾನಗಿಯನ್ನು ವರ್ಷ ವರ್ಷ ಹೊಸದು ಮಾಡಿಸುವ ಅರ್ಜಿಯನ್ನು ಈ ಫೆಬ್ರುವರಿಯಲ್ಲಿ ಕಳಿಸುವುದಿಲ್ಲ, ಬಲೆಗಳನ್ನು ಒಗೆದು ಮಡಿಚಿಟ್ಟಿದ್ದೇನೆ ಎಂದೂ ಇತ್ತು.

ಈ ಪತ್ರವನ್ನು ಹತಾನೊ ಸಾನ್ ಫೆಬ್ರುವರಿ ಎರಡರಂದು ಮನೆಯಲ್ಲಿ ಚಹಾ ಕೊಟ್ಟು ಜಲಜಾಳಿಗೆ ಓದಿ ಹೇಳಿದರು. ಅವರಿಗೆ ಅಳು ಬಂದಿತ್ತು, ಅಳಲಿಲ್ಲ. ಗುರುಗಳಿಗೆ ವಯಸ್ಸಾಯಿತು ಎಂದಷ್ಟೇ ಹೇಳಿ ಕಪ್ಪು ತೊಳೆಯಲು ಎದ್ದರು. ಮೇಜಿನ ಮೇಲೆ ಆ ಚೌಕುಳಿ ಹಾಳೆ ಇತ್ತು. ಜಲಜಾ ತನ್ನ ಅಕ್ಷರವನ್ನು ನೋಡಿದಳು, ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡಳು. ದೇವರಾಣೆಗೂ ಅವಳಿಗೆ ಮತ್ತೇನೂ ಹೊಳೆಯಲಿಲ್ಲ. ತಾನು ಪೆನ್ಸಿಲ್ ಹಿಡಿದದ್ದು ಯಾವ ದಿನವೆಂದು ಯೋಚಿಸುವ ಗೊಡವೆಗೂ ಹೋಗಲಿಲ್ಲ. ಕಾಣದ ಆ ಮುದುಕರಿಗಾಗಿ ಮರುಗುತ್ತ ಮನೆಗೆ ಬಂದಳು.

ಮರುದಿನ ತಾರಾಳಿಗೆ ಕೆಮ್ಮು. ಶಾಲೆಯಲ್ಲಿ ಆವತ್ತು ಹುರಿದ ಸೋಯಾ ಬೀನ್ಸ್ ಎರಚಿ ಪಿಶಾಚಿ ಓಡಿಸುವ ಹಬ್ಬ. ಬೀನ್ಸ್ ಎರಚಲಿ, ಅಂಗಳದಲ್ಲಿ ಓಡುವುದು ಮಾತ್ರ ಬೇಡ ಎಂದು ಟೀಚರಿಗೆ ಒಂದು ಸಾಲು ಬರೆಯಬೇಕಿತ್ತು. ಮನೆಯಿಂದ ಶಾಲೆಗೆ ದಿನವೂ ಹೋಗಿಬರುವ ಪುಸ್ತಕವೊಂದು ಇದ್ದೇ ಇತ್ತು. ಜಲಜಾ ಸಾಲು ಬರೆದು, ಮೇಲೆ 3/2 ಎಂದು ತಾರೀಖು ಹಾಕಿ, ಸಹಿ ಮಾಡಿ ಕೊಟ್ಟಳು. ತಾರಾ ಬೂಟು ಹಾಕಿಕೊಳ್ಳುತ್ತ ಪುಸ್ತಕ ನೋಡಿದವಳೇ ಪೆನ್ಸಿಲ್ ಡಬ್ಬಿಯಿಂದ ರಬ್ಬರು ತೆಗೆದಳು.

"ಏನೇ ಅಳಿಸ್ತಿದೀಯ?"

"ಡೇಟ್ ಅಮ್ಮಾ. You wrote March second. ಇವತ್ತು February third."

ಜಲಜಾ ಮೂರು ಅಂದರೆ ದಿನ, ಎರಡು ಅಂದರೆ ತಿಂಗಳು ಎಂದು ಬಿಡಿಸಿ ಹೇಳಲು ಹೊರಟಳು. ತಾರಾ ಅಷ್ಟರಲ್ಲಿ ಅಳಿಸಿ 2/3 ಎಂದು ಬರೆದಾಗಿತ್ತು. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ, ನೀನು ಯಾವಾಗ್ಲೂ ಉಲ್ಟಾ ಬರೀತೀಯ ಎಂದಳು. ಯಾವಾಗ್ಲೂ ಅಂದ್ರೆ ಯಾವಾಗಿಂದ ಎಂದು ಜಲಜಾ ಕೇಳಿದಳು. ಫಸ್ಟ್ ಸ್ಟ್ಯಾಂಡರ್ಡಿಂದ ಎಂದಳು ಮಗಳು. ಮೊದಲು ಟೀಚರು ನಗುತ್ತಿದ್ದರಂತೆ, ಅಮ್ಮನನ್ನು ನೋಡಿ ನಗುವುದು ಇವಳಿಗೆ ಸರಿಬರಲಿಲ್ಲ, ಆಮೇಲಿಂದ ದಿನವೂ ಬಾಗಿಲ ಬಳಿಯೇ ಅಳಿಸಿ ತಿದ್ದುತ್ತಿದ್ದಾಳಂತೆ. ಸುಮಾರು ಎರಡು ವರ್ಷ. ಬೂಟಿನ ದಾರ ಕಟ್ಟಿಕೊಂಡು, ಇತ್ತೆಕಿಮಾಸು, ಹೋಗಿಬರ್ತೀನಿ, ಎಂದು ಹೇಳಿ ಅವಳು ಹೋಗಿಬಿಟ್ಟಳು.

ಜಲಜಾ ಬಾಗಿಲಿನಲ್ಲೇ ಕೂತಳು. ಹತ್ತು, ಹನ್ನೊಂದು. ಹತ್ತನೇ ತಾರೀಖು, ಹನ್ನೊಂದನೇ ತಿಂಗಳು. ಒಗುಚಿ ಸಾನ್‌ಗೆ ನೆಗಡಿಯಾದದ್ದು ನವೆಂಬರಿನಲ್ಲಿ. ಅಕ್ಟೋಬರಿನಲ್ಲಿ ಅವಳು ಪೆನ್ಸಿಲ್ ಮುಟ್ಟಿಯೇ ಇರಲಿಲ್ಲ. ಹಕ್ಕಿ ಅಕ್ಟೋಬರ್ ಇಪ್ಪತ್ತಕ್ಕೆ ಹೊಕ್ಕಾಯ್ಡೋದಲ್ಲಿ ಉಂಗುರ ತೊಟ್ಟು, ಮೂರು ವಾರ ಹಾರಿ, ನವೆಂಬರ್ ಹತ್ತಕ್ಕೆ ಸರಿಯಾಗಿ ಇಲ್ಲಿ ಬಂದು ಇಳಿದಿತ್ತು. ಅದು ಯಾವ ತಪ್ಪನ್ನೂ ಮಾಡಿರಲಿಲ್ಲ, ಕುದೋ ಸಾನ್ ಕಣ್ಣೂ ಮಾಡಿರಲಿಲ್ಲ. ಅಂಕಿಗಳನ್ನೆಲ್ಲ ತಿರುಗಿ ಕೂಗಿ ಹೇಳಿದ್ದರು. ತಾರೀಖನ್ನು ಮಾತ್ರ ಯಾರೂ ಕೂಗಿರಲಿಲ್ಲ. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಂದೂ ನೋಡದ ಎಂಬತ್ತೊಂದರ ಮುದುಕರೊಬ್ಬರು, ತನ್ನ ಚೆಂದದ ಅಕ್ಷರವನ್ನು ನಂಬಿ, ತಮ್ಮ ಕಣ್ಣನ್ನು ಅನುಮಾನಿಸಿ ಬಲೆ ಮಡಿಚಿಟ್ಟಿದ್ದರು.

ಗಂಡನಿಗೆ ಫೋನು ಮಾಡಿದಳು. ಉಮಾಶಂಕರ ರೈಲಿನಲ್ಲಿದ್ದ, ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಮಾತಾಡಿದ. ಇಂಥದನ್ನು ಸಂಭಾಳಿಸುವುದೇ ಅವನ ಉದ್ಯೋಗ.

"ನೋಡು, ಇದಕ್ಕೆಲ್ಲ panic ಆಗ್ಬೇಡ. Date format issue ಅಂತ ಒಂದು mail ಹಾಕು, ಸಾಕು. ಯಾರು ಬರೆದ್ರು ಅಂತ ಹೆಸರು ಹಾಕೋ ಅವಶ್ಯಕತೆ ಇಲ್ಲ. ನಮ್ಮಲ್ಲೂ ಹಾಗೇ ಮಾಡೋದು."

"ಅಲ್ಲಾರೀ, ಆ ತಾತ ಹೆಸರು ಹಾಕೇ ತಪ್ಪೊಪ್ಕೊಂಡಿದಾರೆ. ಮಾಡ್ದೇ ಇರೋ ತಪ್ಪನ್ನ."

ಹಾಗಾದ್ರೆ ಹೋಗಿ ಹೇಳ್ಬಿಡು ಎಂದ ಉಮಾಶಂಕರ. ನಿನ್ನ ಪತ್ರ ಇನ್ನೂ ಅವರ ಖಾನೆಯಲ್ಲೇ ಇದೆ, ಅದು ಗೊತ್ತಿರಲಿ ಎಂದೂ ಸೇರಿಸಿದ. ಅವಳಿಗೆ ಗೊತ್ತಿತ್ತು. ಬಾಗಿಲಲ್ಲಿ ಕೂತಾಗಲೇ ಅದೂ ನೆನಪಾಗಿತ್ತು.

ಈ ದೇಶದಲ್ಲಿ ತಪ್ಪೊಪ್ಪಿಕೊಳ್ಳಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ, ಸಿಹಿ ಒಯ್ಯುತ್ತಾರೆ ಎಂದು ಅವಳು ಕೇಳಿದ್ದಳು. ನಮ್ಮಲ್ಲಿ ಗಂಡು ಹುಟ್ಟಿದರೆ, ಪರೀಕ್ಷೆ ಪಾಸಾದರೆ ಹಂಚುವುದನ್ನು ಇವರು ಹೀಗೆ ಬಳಸುತ್ತಾರಲ್ಲ ಎಂದು ಹಿಂದೆ ನಕ್ಕಿದ್ದಳು. ಈಗ ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಸಿಹಿ ಡಬ್ಬಿ ಸಾಲದೆನಿಸಿ, ಮೈಸೂರಿನವಳಾಗಿ ಮೈಸೂರು ಪಾಕನ್ನೇ ಮಾಡುತ್ತೇನೆಂದು ಕೂತಳು. ಮನಸ್ಸು ನೆಟ್ಟಗಿಲ್ಲದಾಗ ಪಾಕ ಹಿಡಿಯಬಾರದು. ತಟ್ಟೆಗೆ ಸುರಿದದ್ದು ಹತ್ತು ನಿಮಿಷದಲ್ಲಿ ಕಲ್ಲಾಯಿತು. ಮತ್ತೆ ಮಾಡಲು ತುಪ್ಪವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಇದ್ದ ಧೈರ್ಯ ಹೋಗುವ ಮೊದಲು ಅದನ್ನೇ ಡಬ್ಬಿಗೆ ತುಂಬಿಕೊಂಡು ಸೈಕಲ್ ಹತ್ತಿದಳು.

ಹತಾನೊ ಸಾನ್ ಬಾಗಿಲು ತೆರೆದು, ಅವಳ ಮುಖ ನೋಡದೆ ಕೈಯಲ್ಲಿದ್ದ ಸಿಹಿಯ ಡಬ್ಬಿಯನ್ನೇ ನೋಡಿದರು. ಏನೋ ಆಗಿದೆಯೆಂದು ಅವರಿಗೆ ಅಷ್ಟರಿಂದಲೇ ತಿಳಿಯಿತು. ಒಳಗೆ ಕರೆದು ಕೂರಿಸಿದರು. ಜಲಜಾ ದಾರಿಯುದ್ದಕ್ಕೂ ಜಪಾನಿಯಲ್ಲಿ ಕಟ್ಟಿಕೊಂಡು ಬಂದಿದ್ದ ದೊಡ್ಡ ವಾಕ್ಯ ಮರೆತುಹೋಯಿತು. ಚೌಕುಳಿ ಹಾಳೆಯ ಮೇಲೆ ಬೆರಳಿಟ್ಟಳು.

"ಇದು ನವೆಂಬರ್ ಹತ್ತು. ನಮ್ಮೂರಲ್ಲಿ ದಿನ ಮೊದಲು ಬರೆಯುತ್ತೇವೆ, ತಿಂಗಳು ಆಮೇಲೆ. ತಪ್ಪು ಕುದೋ ಸಾನ್ ಅವರದಲ್ಲ. ನನ್ನದು."

ಹತಾನೊ ಸಾನ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಅಲ್ಲೇನೋ ಬೇರೆ ಬರೆದಿದೆಯೇನೋ ಎಂಬಂತೆ. ಬಹಳ ಹೊತ್ತು ನೋಡಿದರು. ಆಮೇಲೆ ಅವರು ಮಾಡಿದ್ದನ್ನು ಜಲಜಾ ಎಣಿಸಿರಲಿಲ್ಲ. ಕಾಗದವನ್ನು ನಾನೂ ಸರಿಯಾಗಿ ಓದಲಿಲ್ಲ, ಚಳಿ ಇತ್ತೆಂದು ನನ್ನ ನೆನಪು ಹೇಳಿದಾಗ ಕೇಳಬೇಕಿತ್ತು ಎಂದು ಅವರೇ ತಲೆ ಬಗ್ಗಿಸಿದರು. ಜಲಜಾ ಇನ್ನೂ ಬಗ್ಗಿದಳು. ಹೀಗೆ ಇಬ್ಬರೂ ಬಗ್ಗಿ ಬಗ್ಗಿ ಹಣೆ ಮೇಜಿಗೆ ತಾಗುವಷ್ಟಾದ ಮೇಲೆ ಹತಾನೊ ಸಾನ್ ಎದ್ದು ಫೋನಿನ ಗುಂಡಿ ಒತ್ತಿ, ರಿಸೀವರನ್ನು ಜಲಜಾಳ ಕೈಗೆ ಕೊಟ್ಟು, ನೀವೇ ಹೇಳಿ ಎಂದರು.

ಕುದೋ ಸಾನ್ ಅವರ ಧ್ವನಿ ನಿಧಾನ. ಅವಳು ಹೇಳಿದ್ದನ್ನೆಲ್ಲ ಅವರು ಅಡ್ಡ ಬಾರದೆ ಕೇಳಿಸಿಕೊಂಡರು. ಆಮೇಲೆ ಒಂದೇ ಒಂದು ಮಾತು ಕೇಳಿದರು.

"ಹಾಗಾದರೆ ನನ್ನ ಕಣ್ಣು?"

"ನಿಮ್ಮ ಕಣ್ಣು ಸರಿಯಾಗಿದೆ, ಕುದೋ ಸಾನ್."

ಆ ಕಡೆ ಮುದುಕರು ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಜಲಜಾಳ ಕಣ್ಣಲ್ಲಿ ನೀರು ಬಂತು, ತಡೆಯಲೂ ಇಲ್ಲ. ಅವರು ಬೈಯುತ್ತಾರೆಂದು ಅವಳು ಕಾದಳು, ಬೈಯಲಿಲ್ಲ. ಅರವತ್ತು ವರ್ಷದಲ್ಲಿ ನಾನು ತೊಡಿಸುವ ಮೊದಲೇ ಉಂಗುರ ತೊಟ್ಟ ಹಕ್ಕಿ ಅದೊಂದೇ, ಅದು ಸುಳ್ಳೆಂದು ತಿಳಿದು ಸ್ವಲ್ಪ ಬೇಜಾರೂ ಆಯಿತು ಎಂದರು. ಒಗೆದ ಬಲೆಯನ್ನು ಮತ್ತೆ ಬಿಚ್ಚುವುದು ಎಂಥ ಪೀಕಲಾಟ ಗೊತ್ತೇ ಎಂದು ಗೊಣಗಿದರು. ಅರ್ಜಿ ಹಾಕುತ್ತೀರಲ್ಲ ಎಂದು ಜಲಜಾ ಕೇಳಿದ್ದಕ್ಕೆ, ಪೆನ್ನು ಹುಡುಕುತ್ತಿದ್ದೇನೆ, ಫೋನಿಡಿ ಎಂದರು.

ಹತಾನೊ ಸಾನ್ ಇದನ್ನೆಲ್ಲ ಕೇಳಿಸಿಕೊಂಡು ಚಹಾ ಮಾಡಿದರು. ಚಹಾ ಕುಡಿದಾದ ಮೇಲೆ ಖಾನೆಯಿಂದ ಆ ಪತ್ರ ತೆಗೆದು, ಇದನ್ನು ಈ ವರ್ಷ ಕಳಿಸುವುದಿಲ್ಲ ಎಂದರು. ಹಕ್ಕಿ ಹಿಡಿಯುವ ಕೈ ನಿಮ್ಮಲ್ಲಿದೆ, ಬರೆಯುವುದನ್ನು ಇನ್ನೊಂದು ಚಳಿಗಾಲ ನೋಡೋಣ. ಧ್ವನಿಯಲ್ಲಿ ಕೋಪವಿರಲಿಲ್ಲ, ಹಿಟ್ಟು ಇನ್ನಷ್ಟು ನೆನೆಯಬೇಕು ಎನ್ನುವವರ ಧ್ವನಿ ಅದು. ಜಲಜಾ ಹಾಯ್, ಅಂದರೆ ಆಗಲಿ, ಎಂದು ಒಪ್ಪಿದಳು. ನೋವಾಗಲಿಲ್ಲವೆಂದರೆ ಸುಳ್ಳು. ಮೈಸೂರಿಗೆ, ಬೆಂಗಳೂರಿಗೆ, ಕ್ಯೋಟೋಗೆ ಎಲ್ಲ ಕಡೆಗೂ ಈಗ ತಿರುಗಿ ಫೋನು ಮಾಡಬೇಕಲ್ಲ ಎಂದು ಅದಕ್ಕಿಂತ ಹೆಚ್ಚು ನೋವಾಯಿತು. ಆದರೂ ಏರಿಯ ಮೇಲೆ ಸೈಕಲ್ ತುಳಿಯುವಾಗ ಅವಳಿಗೆ ಮೈ ಹಗುರಾಗಿತ್ತು, ಎರಡು ಸಲ ಬೆಲ್ಲನ್ನು ಸುಮ್ಮಸುಮ್ಮನೆ ಬಾರಿಸಿದಳು.

ಮೈಸೂರು ಪಾಕಿನ ಅರ್ಧ ಡಬ್ಬಿ ಹತಾನೊ ಸಾನ್ ಹಠ ಹಿಡಿದದ್ದರಿಂದ ಹೊಕ್ಕಾಯ್ಡೋಗೆ ಹೋಯಿತು. ಎರಡು ವಾರದ ಮೇಲೆ ಕುದೋ ಸಾನ್ ಒಂದು ಕಾರ್ಡು ಹಾಕಿದರು. ಮೊದಲ ದಿನ ಸುತ್ತಿಗೆಯಿಂದ ಒಡೆದು ತಿಂದೆ, ಎರಡನೇ ದಿನ ಬಿಸಿ ಹಾಲಿನಲ್ಲಿ ನೆನೆಸುವ ಉಪಾಯ ಹೊಳೆಯಿತು, ಭಾರತದವರ ಹಲ್ಲು ಗಟ್ಟಿಯೆಂದು ಗೊತ್ತಿರಲಿಲ್ಲ ಎಂದು ಬರೆದಿದ್ದರು. ಕೆಳಗೆ ಒಂದು ಗೆರೆಯಲ್ಲಿ, ಪರವಾನಗಿ ಬಂತು. ಅದರ ಪಕ್ಕದಲ್ಲಿ ಆ ವರ್ಷ ತಮಗೆ ಬಂದ ಹೊಸ ಉಂಗುರಗಳ ಮೊದಲ ಅಂಕಿಗಳು. ಜಲಜಾ ಕಾರ್ಡನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು.

ಆ ವರ್ಷವಿಡೀ ಅವಳು ಹತಾನೊ ಸಾನ್ ಅವರ ಎಲ್ಲ ಹಾಳೆಗಳನ್ನೂ ಕಂಪ್ಯೂಟರಿಗೆ ತುಂಬಿದಳು. ಜೊಂಡಿನ ಮೇಜಿಗೂ ಒಂದು ಹೊಸ ಪದ್ಧತಿ ಬಂತು. ಮೊದಲ ಹಕ್ಕಿಗೆ ಮೊದಲು ತಾರೀಖನ್ನು ಕೂಗಬೇಕು, ತಿಂಗಳಿನ ಹೆಸರಿನ ಸಮೇತ, ಎಲ್ಲರೂ ತಿರುಗಿ ಹೇಳಬೇಕು. ಒಗುಚಿ ಸಾನ್ ಅದನ್ನು ರೈಲು ಬಿಡುವಾಗ ಕೂಗುವ ಗತ್ತಿನಲ್ಲಿ, ಬೆರಳು ಚಾಚಿ ಕೂಗುತ್ತಿದ್ದರು. ಮನೆಯಲ್ಲಿ ತಾರಾ ರಬ್ಬರನ್ನು ಇನ್ನು ಮುಂದೆ ಅಮ್ಮನ ಕಣ್ಣೆದುರಿಗೇ ಬಳಸಬೇಕೆಂದು ಒಪ್ಪಂದವಾಯಿತು. ಬೇಸಿಗೆಯ ಹೊತ್ತಿಗೆ ರಬ್ಬರಿಗೆ ಕೆಲಸವೇ ಇಲ್ಲವಾಯಿತು. ಅದಕ್ಕೆ ತಾರಾಳೇ ಸ್ವಲ್ಪ ಸಪ್ಪಗಾದಳು.

ನವೆಂಬರಿನ ಒಂದು ಭಾನುವಾರ ತಾರಾಳೂ ಬಂದಿದ್ದಳು. ಗಾಳಿಯಿರಲಿಲ್ಲ, ಜೊಂಡೆಲ್ಲ ಪಟಪಟ ಎನ್ನುತ್ತಿತ್ತು. ನಾಲ್ಕನೇ ಸುತ್ತಿನಲ್ಲಿ ಹತಾನೊ ಸಾನ್ ಚೀಲವೊಂದರಿಂದ ಓಜುರಿನ್ ತೆಗೆದು, ಅದರ ಕಾಲು ನೋಡಿ, ಹಕ್ಕಿಯನ್ನು ಜಲಜಾಳ ಕೈಗೆ ದಾಟಿಸಿದರು. ಮೊದಲೇ ಉಂಗುರವಿತ್ತು. ಜಲಜಾ ಅಂಕಿಗಳನ್ನು ಒಂದೊಂದಾಗಿ ಕೂಗಿದಳು, ಒಗುಚಿ ಸಾನ್ ತಿರುಗಿ ಕೂಗಿದರು. ಮೊದಲ ಮೂರು ಅಂಕಿ ಹೇಳುವಷ್ಟರಲ್ಲಿ ಅವಳಿಗೆ ಗುರುತು ಸಿಕ್ಕಿತು. ಒಂಬತ್ತು ತಿಂಗಳಿಂದ ಹಾಲು ತೆಗೆಯುವಾಗೆಲ್ಲ ಫ್ರಿಜ್ಜಿನ ಮೇಲೆ ನೋಡಿದ ಅಂಕಿಗಳು ಅವು.

ಕೇಂದ್ರದಿಂದ ಉತ್ತರ ಬರಲು ವಾರಗಳು ಬೇಕು. ಕಾಯುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ರೆಕ್ಕೆ ಅಳೆದು, ತೂಗಿ, ತಾರಾಳ ಅಂಗೈಯಿಂದ ಹಕ್ಕಿಯನ್ನು ಹಾರಲು ಬಿಟ್ಟ ಮೇಲೆ ಹತಾನೊ ಸಾನ್ ಮೊಬೈಲಿನಲ್ಲಿ ಕುದೋ ಸಾನ್ ನಂಬರು ಒತ್ತಿ ಜಲಜಾಳಿ‌ಗೆ ಕೊಟ್ಟರು. ಅವಳು ಅಂಕಿ ಹೇಳಿದಳು. ಆ ಕಡೆ ಪುಸ್ತಕದ ಹಾಳೆ ಮಗುಚುವ ಸದ್ದು. ಅಕ್ಟೋಬರ್ ಹದಿನೆಂಟು, ಬೆಳಿಗ್ಗೆ ಏಳೂವರೆ, ಗಂಡು, ನಾನೇ ತೊಡಿಸಿದ್ದು ಎಂದು ಮುದುಕರು ಓದಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಇವತ್ತು ಎಷ್ಟನೇ ತಾರೀಖು ಎಂದು ಕೇಳಿದರು.

ನವೆಂಬರ್ ಎಂಟು ಎಂದು ಜಲಜಾ ಹೇಳಿದಳು. ಮೇಜಿನ ಬಳಿಯಿದ್ದ ಮೂವರೂ, ತಾರಾಳನ್ನೂ ಸೇರಿಸಿ, ಪದ್ಧತಿಯಂತೆ ಅದನ್ನು ಗಟ್ಟಿಯಾಗಿ ತಿರುಗಿ ಹೇಳಿದರು.

"ಸರಿ ಸರಿ, ಈ ಸಲ ನಾನು ತೊಡಿಸುವವರೆಗೆ ಕಾದಿದೆ," ಎಂದರು ಕುದೋ ಸಾನ್. "ಅದಕ್ಕೆ ನನ್ನ ಧನ್ಯವಾದ ಹೇಳಿ."

ಹಕ್ಕಿ ಆಗಲೇ ಜೊಂಡಿನೊಳಗೆ ಹೋಗಿತ್ತು. ಆದರೂ ಜಲಜಾ ಏರಿಯ ಕಡೆಗೆ ತಿರುಗಿ, ಅದಕ್ಕೆ ಕೇಳಿಸುವಂತೆ ಹೇಳಿದಳು.